ಮಾರ್ಗ ಮತ್ತು ಲಕ್ಷ್ಯ: ಚಿಕಿತ್ಸಾ ಮಾರ್ಗಸೂಚಿಗಳ ಹಿಂದಿನ ಪುರಾವೆಯ ಬಲ

೧. ಪ್ರವೇಶ

ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ ಹುಟ್ಟುವ ಗೋದಾವರಿಯು ಮೂಡಣ ದಿಕ್ಕಿಗೆ ಹರಿದು, ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು ಮುಟ್ಟುತ್ತದೆ. ಕನ್ನಡ ವಿದ್ಯಾರ್ಥಿಗಳಿಗೆ ಈ ನದಿಯ ಹೆಸರು 'ಕವಿರಾಜಮಾರ್ಗ'ದಿಂದಲೇ ಪರಿಚಿತ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಆ ಲಕ್ಷಣಗ್ರಂಥವು ಕನ್ನಡನಾಡಿನ ಬಡಗಣ ಎಲ್ಲೆಯನ್ನು ಈ ನದಿಯಲ್ಲಿಯೇ ಗುರುತಿಸಿತು. ಅದು ಬಹುಮಟ್ಟಿಗೆ ದಂಡಿಯ 'ಕಾವ್ಯಾದರ್ಶ'ವನ್ನು ಆಧರಿಸಿದ್ದರೂ, ಸಂಸ್ಕೃತಕ್ಕೆ ಒಪ್ಪುವ ವಿಧಿಯೆಲ್ಲವೂ ಕನ್ನಡಕ್ಕೆ ಒಪ್ಪುವುದಿಲ್ಲವೆಂಬ ಎಚ್ಚರವನ್ನು ಉಳಿಸಿಕೊಂಡಿತು. ಲಕ್ಷಣವು ಲಕ್ಷ್ಯವನ್ನು ಅನುಸರಿಸಬೇಕು. ಕವಿಗಳ ಪ್ರಯೋಗದಲ್ಲಿ ಕಾಣದ ನಿಯಮವನ್ನು ಶಾಸ್ತ್ರಕಾರನು ಹೇಳಿದರೆ ಅದಕ್ಕೆ ಬಲವಿರದು. ಇದು ನಮ್ಮ ಅಲಂಕಾರಶಾಸ್ತ್ರ ಹಾಗೂ ವ್ಯಾಕರಣಶಾಸ್ತ್ರಗಳ ಒಡಂಬಡಿಕೆ.

ಇಂದಿನ ವೈದ್ಯಶಾಸ್ತ್ರದಲ್ಲಿಯೂ 'ಮಾರ್ಗ'ಗಳು ರಚಿತವಾಗುತ್ತಿವೆ. ಇಂಥ ರೋಗಕ್ಕೆ ಇಂಥ ಪರೀಕ್ಷೆ, ಇಂಥ ಔಷಧ, ಇಷ್ಟು ಕಾಲ ಎಂದು ವಿಧಿಸುವ ಈ ಬರಹಗಳಿಗೆ ಚಿಕಿತ್ಸಾ ಮಾರ್ಗಸೂಚಿ ಎಂದು ಹೆಸರು. ತಜ್ಞರ ಸಮಿತಿಗಳು, ಸರ್ಕಾರಗಳು, ವಿಶ್ವ ಆರೋಗ್ಯ ಸಂಸ್ಥೆ ಇವುಗಳನ್ನು ಹೊರಡಿಸುತ್ತವೆ, ವೈದ್ಯರು ಅನುಸರಿಸುತ್ತಾರೆ, ರೋಗಿಯು ಅವುಗಳ ಹೆಸರನ್ನೂ ಕೇಳದೆ ಅವುಗಳಿಗೆ ಒಳಪಡುತ್ತಾನೆ. ಹೀಗಿರುವಲ್ಲಿ, ಈ ಲಕ್ಷಣಗಳು ಯಾವ ಲಕ್ಷ್ಯದ ಮೇಲೆ ನಿಂತಿವೆ ಎಂದು ಕೇಳುವುದು ವೈದ್ಯರಿಗಷ್ಟೇ ಸೇರಿದ ಕೆಲಸವಲ್ಲ. ಆಧಾರವನ್ನು ತೂಗಿನೋಡುವ ಶಿಸ್ತು ಸಾಹಿತ್ಯ ವಿದ್ಯಾರ್ಥಿಗೂ ಹೊಸದಲ್ಲ. ಮರಾಠವಾಡಾದ ಹಳ್ಳಿಗಳಲ್ಲಿ ನಡೆದ ಒಂದು ದೊಡ್ಡ ಸಂಶೋಧನೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಪುರಾವೆಯ ದರ್ಜೆಗಳು

ಚರಕಸಂಹಿತೆಯ ಸೂತ್ರಸ್ಥಾನವು ಪರೀಕ್ಷೆಯ ಸಾಧನಗಳನ್ನು ನಾಲ್ಕಾಗಿ ಎಣಿಸುತ್ತದೆ: ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ. ಬಲ್ಲವರ ಮಾತು, ಕಣ್ಣಾರೆ ಕಂಡದ್ದು, ತರ್ಕದಿಂದ ಊಹಿಸಿದ್ದು, ಅನೇಕ ಕಾರಣಗಳನ್ನು ಕೂಡಿಸಿ ನಿಶ್ಚಯಿಸಿದ್ದು. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಪಾಶ್ಚಾತ್ಯ ವೈದ್ಯವೂ ಹೆಚ್ಚುಕಡಮೆ ಇವುಗಳ ಮೇಲೆಯೇ ನಡೆಯುತ್ತಿತ್ತು. ಅನುಭವಿ ಗುರುವಿನ ಮಾತು ಮತ್ತು ಶರೀರಶಾಸ್ತ್ರದ ತರ್ಕ ಇವೆರಡೂ ಸೇರಿದರೆ ಚಿಕಿತ್ಸೆ ಸಿದ್ಧವಾಗುತ್ತಿತ್ತು. ೧೯೪೮ರಲ್ಲಿ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಪರೀಕ್ಷಿಸಿದ ವರದಿಯು ಬೇರೊಂದು ದಾರಿಯನ್ನು ಪ್ರತಿಷ್ಠಾಪಿಸಿತು. ಯಾವ ರೋಗಿಗೆ ಔಷಧ, ಯಾರಿಗೆ ಇಲ್ಲ ಎಂಬುದನ್ನು ವೈದ್ಯನ ಇಚ್ಛೆಗೆ ಬಿಡದೆ, ಚೀಟಿ ಎತ್ತಿದಂತೆ ನಿರ್ಧರಿಸುವುದು ಆ ದಾರಿ. ಇದನ್ನು ಯಾದೃಚ್ಛಿಕ ನಿಯಂತ್ರಿತ ಪ್ರಯೋಗ ಎನ್ನುತ್ತಾರೆ. ಹೀಗೆ ಹಂಚಿದಾಗ ಎರಡು ಗುಂಪುಗಳ ವಯಸ್ಸು, ಬಡತನ, ರೋಗದ ತೀವ್ರತೆ, ಅಷ್ಟೇ ಅಲ್ಲ, ನಮಗೆ ತಿಳಿಯದ ಇತರ ವ್ಯತ್ಯಾಸಗಳೂ ಸರಿಸುಮಾರಾಗಿ ಸಮನಾಗುತ್ತವೆ. ಕೊನೆಯಲ್ಲಿ ಕಾಣುವ ಅಂತರವನ್ನು ಔಷಧದ ಫಲವೆಂದು ಹೇಳಲು ಧೈರ್ಯ ಬರುತ್ತದೆ.

ತರ್ಕವೊಂದನ್ನೇ ನಂಬುವುದು ಎಷ್ಟು ಅಪಾಯಕರ ಎಂಬುದಕ್ಕೆ ೧೯೯೧ರಲ್ಲಿ ಅಂತಿಮವಾಗಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗ ನಿದರ್ಶನ. ಹೃದಯಾಘಾತದ ಅನಂತರ ಎದೆಬಡಿತದಲ್ಲಿ ಹೆಚ್ಚುವರಿ ಮಿಡಿತಗಳು ಕಂಡವರು ಬೇಗ ಸಾಯುತ್ತಾರೆ. ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಔಷಧಗಳು ಆ ಮಿಡಿತಗಳನ್ನು ಅಡಗಿಸುತ್ತವೆ. ಆದ್ದರಿಂದ ಅವು ಪ್ರಾಣ ಉಳಿಸುತ್ತವೆ. ಈ ಅನುಮಾನದಲ್ಲಿ ಎಲ್ಲಿಯೂ ಬಿರುಕು ಕಾಣುವುದಿಲ್ಲ. ಪ್ರಯೋಗದಲ್ಲಿ ಔಷಧ ಪಡೆದ ೭೫೫ ಮಂದಿಯಲ್ಲಿ ೬೩ ಮಂದಿ ಸತ್ತರು. ಔಷಧದಂತೆ ಕಾಣುವ ಬರಿಯ ಗುಳಿಗೆ ಪಡೆದ ೭೪೩ ಮಂದಿಯಲ್ಲಿ ಸತ್ತವರು ೨೬. ಮಿಡಿತ ಅಡಗಿತ್ತು, ಸಾವು ಹೆಚ್ಚಿತ್ತು.

ಇಂಥ ಅನುಭವಗಳಿಂದ ಪುರಾವೆಗೆ ದರ್ಜೆ ಕಟ್ಟುವ ಪದ್ಧತಿಗಳು ಬೆಳೆದವು. ಇಂದು ಹೆಚ್ಚು ಬಳಕೆಯಲ್ಲಿರುವುದು, ೨೦೦೦ದಲ್ಲಿ ಸೇರಿದ ಒಂದು ಅಂತರರಾಷ್ಟ್ರೀಯ ತಂಡವು ರೂಪಿಸಿದ 'ಗ್ರೇಡ್' ಪದ್ಧತಿ. ಅದರಲ್ಲಿ ಪುರಾವೆಯ ಖಚಿತತೆಗೆ ಉಚ್ಚ, ಮಧ್ಯಮ, ಅಲ್ಪ, ಅತ್ಯಲ್ಪ ಎಂಬ ನಾಲ್ಕು ದರ್ಜೆಗಳಿವೆ. ಯಾದೃಚ್ಛಿಕ ಪ್ರಯೋಗದಿಂದ ಬಂದ ಪುರಾವೆ ಉಚ್ಚ ದರ್ಜೆಯಲ್ಲಿ ಆರಂಭವಾಗುತ್ತದೆ. ಬರಿಯ ವೀಕ್ಷಣೆಯಿಂದ ಬಂದದ್ದು ಅಲ್ಪ ದರ್ಜೆಯಲ್ಲಿ. ಪ್ರಯೋಗದ ರಚನೆಯಲ್ಲಿ ದೋಷವಿದ್ದರೆ, ಬೇರೆಬೇರೆ ಪ್ರಯೋಗಗಳ ಫಲ ಹೊಂದದಿದ್ದರೆ, ಪುರಾವೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸದಿದ್ದರೆ, ಸಂಖ್ಯೆ ಸಾಲದಿದ್ದರೆ, ಪ್ರತಿಕೂಲ ಫಲಗಳು ಪ್ರಕಟವಾಗದೆ ಉಳಿದಿರುವ ಶಂಕೆ ಇದ್ದರೆ ದರ್ಜೆ ಇಳಿಯುತ್ತದೆ. ಪರಿಣಾಮವು ಬಹಳ ದೊಡ್ಡದಾಗಿದ್ದರೆ ವೀಕ್ಷಣೆಯ ಪುರಾವೆಯೂ ಮೇಲೇರಬಹುದು. ಸಂಸ್ಕೃತದ ನಿಯಮವನ್ನು ಕನ್ನಡಕ್ಕೆ ಅನ್ವಯಿಸುವಾಗ ಕವಿರಾಜಮಾರ್ಗಕಾರನು ಎದುರಿಸಿದ ತೊಡಕೇ 'ನೇರವಾಗಿ ಸಂಬಂಧಿಸದಿರುವುದು' ಎಂಬ ಮೂರನೆಯ ಕಾರಣದಲ್ಲಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಪುರಾವೆಯ ಬಲ ಬೇರೆ, ಶಿಫಾರಸಿನ ಬಲ ಬೇರೆ. ಪುರಾವೆ ಎಷ್ಟು ಖಚಿತ ಎಂಬುದು ಮೊದಲನೆಯದು; 'ಮಾಡಲೇಬೇಕು' ಎನ್ನುವುದೋ 'ಮಾಡಬಹುದು' ಎನ್ನುವುದೋ ಎಂಬುದು ಎರಡನೆಯದು. ಎರಡನೆಯದರಲ್ಲಿ ಲಾಭ, ಹಾನಿ, ವೆಚ್ಚ, ಜನರ ಒಲವು ಎಲ್ಲವೂ ಸೇರುತ್ತವೆ. ಓದುಗರು ಇವೆರಡನ್ನೂ ಒಂದಾಗಿ ತಿಳಿದಾಗಲೇ ಗೊಂದಲ ಹುಟ್ಟುವುದು. ಅಮೆರಿಕದ ಹೃದ್ರೋಗ ತಜ್ಞರ ಮಾರ್ಗಸೂಚಿಗಳನ್ನು ಪರಿಶೀಲಿಸಿದ ೨೦೦೯ರ ಅಧ್ಯಯನವೊಂದು ೨,೭೧೧ ಶಿಫಾರಸುಗಳನ್ನು ಎಣಿಸಿತು. ಅವುಗಳಲ್ಲಿ ಅತ್ಯುತ್ತಮ ದರ್ಜೆಯ ಪುರಾವೆ ಇದ್ದವು ೩೧೪. ಕೇವಲ ತಜ್ಞರ ಅಭಿಪ್ರಾಯ, ರೋಗಿವೃತ್ತಾಂತ, ರೂಢಿ ಇವುಗಳನ್ನು ಆಧರಿಸಿದ್ದವು ೧,೨೪೬. ಹತ್ತು ವರ್ಷಗಳ ಅನಂತರ, ೨೦೧೯ರಲ್ಲಿ, ಮತ್ತೆ ಎಣಿಸಿದಾಗ ೨,೯೩೦ರಲ್ಲಿ ೨೪೮ ಮಾತ್ರ ಅತ್ಯುತ್ತಮ ದರ್ಜೆಯವು. ಜಗತ್ತಿನಲ್ಲಿ ಅತಿ ಹೆಚ್ಚು ಸಂಶೋಧನೆ ನಡೆದ ಕ್ಷೇತ್ರಗಳಲ್ಲಿ ಒಂದರ ಸ್ಥಿತಿ ಇದು.

ಹಳೆಯ ಹಸ್ತಪ್ರತಿಗಳನ್ನು ಪರಿಷ್ಕರಿಸಿದವರಿಗೆ ಈ ಮಾತು ಬೇಗ ಅರ್ಥವಾದೀತು. ಹತ್ತು ಓಲೆಪ್ರತಿಗಳು ಒಂದೇ ಪಾಠವನ್ನು ಕೊಡುತ್ತವೆ ಎಂದ ಮಾತ್ರಕ್ಕೆ ಆ ಪಾಠ ಗಟ್ಟಿಯಾಗದು. ಹತ್ತೂ ಒಂದೇ ಮಾತೃಕೆಯಿಂದ ಇಳಿದಿದ್ದರೆ ಅವು ಒಂದೇ ಸಾಕ್ಷಿ. ಹಾಗೆಯೇ ಹತ್ತು ಮಾರ್ಗಸೂಚಿಗಳು ಒಂದೇ ಮಾತನ್ನು ಹೇಳುತ್ತಿದ್ದರೂ, ಅವೆಲ್ಲ ಒಂದೇ ಸಣ್ಣ ಪ್ರಯೋಗವನ್ನೋ ಒಬ್ಬರನ್ನೊಬ್ಬರನ್ನೋ ಉಲ್ಲೇಖಿಸುತ್ತಿರಬಹುದು. ಎಣಿಸುವ ಮೊದಲು ವಂಶವೃಕ್ಷವನ್ನು ನೋಡಬೇಕು.

೩. ಧಾರಾಶಿವದ ಪ್ರಯೋಗ

ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಔರಂಗಾಬಾದು, ಉಸ್ಮಾನಾಬಾದುಗಳು ಕಲಬುರಗಿ, ರಾಯಚೂರು, ಬೀದರಗಳೊಡನೆ ಒಂದೇ ಆಡಳಿತದಲ್ಲಿದ್ದವು. ೧೯೫೬ರ ಪುನರ್ವಿಂಗಡಣೆಯಲ್ಲಿ ಮರಾಠವಾಡಾ ಮುಂಬಯಿ ರಾಜ್ಯಕ್ಕೆ ಸೇರಿತು; ಅದೇ ವರ್ಷ ಔರಂಗಾಬಾದಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ೨೦೨೩ರಲ್ಲಿ ಈ ಎರಡು ಊರುಗಳ ಹೆಸರು ಛತ್ರಪತಿ ಸಂಭಾಜಿನಗರ, ಧಾರಾಶಿವ ಎಂದು ಬದಲಾಯಿತು. ಧಾರಾಶಿವ ಜಿಲ್ಲೆಯು ಛತ್ರಪತಿ ಸಂಭಾಜಿನಗರ ಕಂದಾಯ ವಿಭಾಗಕ್ಕೆ ಸೇರಿದೆ. ಅದರ ಉಮರ್ಗಾ ತಾಲೂಕು ನಮ್ಮ ಆಳಂದ, ಬಸವಕಲ್ಯಾಣಗಳಿಗೆ ನೆರೆ.

ಈ ಜಿಲ್ಲೆಯಲ್ಲಿ ೧೯೯೯ರಲ್ಲಿ ಗರ್ಭಕೊರಳಿನ ಕ್ಯಾನ್ಸರನ್ನು ಕುರಿತ ಬೃಹತ್ ಪ್ರಯೋಗವೊಂದು ಆರಂಭವಾಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ, ಸೋಲಾಪುರ ಜಿಲ್ಲೆಯ ಬಾರ್ಶಿಯ ನರ್ಗಿಸ್ ದತ್ತ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇವು ಕೂಡಿ ನಡೆಸಿದ ಕೆಲಸವಿದು. ರೆಂಗಸ್ವಾಮಿ ಶಂಕರನಾರಾಯಣನ್ ಇದರ ಮುಂದಾಳು. ಈ ಕ್ಯಾನ್ಸರಿಗೆ ಮೂಲ ಮಾನವ ಪ್ಯಾಪಿಲೋಮಾ ವೈರಾಣು, ಅಂದರೆ ಎಚ್‌ಪಿವಿ. ಸೋಂಕಿನಿಂದ ಕ್ಯಾನ್ಸರಿನವರೆಗಿನ ದಾರಿ ಹಲವು ವರ್ಷಗಳದು. ನಡುವೆ ಎಲ್ಲಿಯಾದರೂ ಗುರುತಿಸಿದರೆ ಸಣ್ಣ ಚಿಕಿತ್ಸೆಯಿಂದಲೇ ತಡೆಯಬಹುದು. ಗುರುತಿಸುವ ಬಗೆಗಳು ಮೂರು. ಗರ್ಭಕೊರಳಿನಿಂದ ತೆಗೆದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಒಂದು. ಇದಕ್ಕೆ ಪ್ಯಾಪ್ ಪರೀಕ್ಷೆ ಎಂದು ರೂಢಿ. ಅಸೆಟಿಕ್ ಆಮ್ಲವನ್ನು ಲೇಪಿಸಿ, ಬೆಳ್ಳಗಾಗುವ ಭಾಗವನ್ನು ಬರಿಗಣ್ಣಿನಿಂದ ನೋಡುವುದು ಇನ್ನೊಂದು; ಇದು ಅಗ್ಗ, ತರಬೇತಾದ ದಾದಿಯೂ ಮಾಡಬಲ್ಲಳು. ವೈರಾಣುವಿನ ಡಿಎನ್ಎಯನ್ನೇ ಪ್ರಯೋಗಾಲಯದಲ್ಲಿ ಪತ್ತೆಹಚ್ಚುವುದು ಮೂರನೆಯದು. ಆಗ ಅದು ದುಬಾರಿಯಾಗಿತ್ತು.

ಹಳ್ಳಿಗಳ ೫೨ ಗುಚ್ಛಗಳನ್ನು ಯಾದೃಚ್ಛಿಕವಾಗಿ ನಾಲ್ಕು ಗುಂಪುಗಳಿಗೆ ಹಂಚಲಾಯಿತು. ೩೦ರಿಂದ ೫೯ ವರ್ಷದೊಳಗಿನ ೧,೩೧,೭೪೬ ಮಹಿಳೆಯರು ಇದರೊಳಗೆ ಬಂದರು. ೩೪,೧೨೬ ಮಂದಿ ಎಚ್‌ಪಿವಿ ಗುಂಪಿನಲ್ಲಿ, ೩೨,೦೫೮ ಮಂದಿ ಜೀವಕೋಶ ಪರೀಕ್ಷೆಯ ಗುಂಪಿನಲ್ಲಿ, ೩೪,೦೭೪ ಮಂದಿ ಬರಿಗಣ್ಣಿನ ಪರೀಕ್ಷೆಯ ಗುಂಪಿನಲ್ಲಿ ಇದ್ದರು. ಉಳಿದ ೩೧,೪೮೮ ಮಂದಿ ನಿಯಂತ್ರಣ ಗುಂಪು. ಅವರಿಗೆ ತಪಾಸಣೆಯನ್ನು ಒದಗಿಸಲಿಲ್ಲ, ಅದನ್ನು ಎಲ್ಲಿ ಪಡೆಯಬಹುದೆಂಬ ತಿಳಿವಳಿಕೆಯನ್ನು ನೀಡಲಾಯಿತು. ಪ್ರತಿ ಗುಂಪಿಗೂ ಪರೀಕ್ಷೆ ಒಂದೇ ಸಲ. ಅನಂತರ ಎಂಟು ವರ್ಷಗಳ ವೀಕ್ಷಣೆ.

ಫಲಿತಾಂಶವು ೨೦೦೯ರ ಏಪ್ರಿಲಿನಲ್ಲಿ ಪ್ರಕಟವಾಯಿತು. ಎಚ್‌ಪಿವಿ ಗುಂಪಿನಲ್ಲಿ ಮುಂದುವರಿದ ಹಂತದ ಕ್ಯಾನ್ಸರ್ ೩೯ ಮಂದಿಯಲ್ಲಿ ಕಂಡಿತು, ನಿಯಂತ್ರಣ ಗುಂಪಿನಲ್ಲಿ ೮೨ ಮಂದಿಯಲ್ಲಿ. ಸತ್ತವರು ಕ್ರಮವಾಗಿ ೩೪ ಮತ್ತು ೬೪. ಅಂದರೆ ಒಂದೇ ಒಂದು ಪರೀಕ್ಷೆಯಿಂದ ಸಾವಿನ ಸಂಭವ ಸುಮಾರು ಅರ್ಧಕ್ಕಿಳಿಯಿತು. ಈ ಇಳಿಕೆಯು ನಿಜವಾಗಿ ನೂರಕ್ಕೆ ೧೭ರಷ್ಟೇ ಇರಬಹುದು, ೬೭ರವರೆಗೂ ಇರಬಹುದು ಎಂದು ಸಂಖ್ಯಾಶಾಸ್ತ್ರದ ಲೆಕ್ಕ ಹೇಳುತ್ತದೆ. ಶೂನ್ಯವಾಗಿರುವ ಸಂಭವ ಬಹಳ ಕಡಮೆ. ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಬಹುದು. ಹತ್ತು ಸಾವಿರ ಮಹಿಳೆಯರಲ್ಲಿ ೨೦ ಸಾವುಗಳ ಬದಲು ೧೦ ಸಾವುಗಳು; ಸಾವಿರ ಮಂದಿಗೆ ಸುಮಾರು ಒಂದು ಜೀವ ಉಳಿಯಿತು. ಅರ್ಧಕ್ಕಿಳಿಯಿತು ಎಂದಾಗ ಮನಸ್ಸಿಗೆ ಬರುವ ಚಿತ್ರ ಒಂದು, ಸಾವಿರಕ್ಕೆ ಒಂದು ಎಂದಾಗ ಬರುವ ಚಿತ್ರ ಇನ್ನೊಂದು. ಎರಡೂ ಸತ್ಯ. ಎರಡನ್ನೂ ಒಟ್ಟಿಗೆ ಹೇಳುವುದು ಪ್ರಾಮಾಣಿಕ ಮಾರ್ಗಸೂಚಿಯ ಲಕ್ಷಣ.

ಉಳಿದೆರಡು ಗುಂಪುಗಳಲ್ಲಿ, ಅಂದರೆ ಜೀವಕೋಶ ಪರೀಕ್ಷೆಯಲ್ಲೂ ಬರಿಗಣ್ಣಿನ ಪರೀಕ್ಷೆಯಲ್ಲೂ, ಸಾವಿನ ಇಳಿಕೆಯು ಆಕಸ್ಮಿಕವಲ್ಲವೆಂದು ಹೇಳುವಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಪರೀಕ್ಷೆಯಲ್ಲಿ 'ದೋಷವಿಲ್ಲ' ಎನಿಸಿಕೊಂಡವರಲ್ಲಿ ಅನಂತರ ಕ್ಯಾನ್ಸರ್ ಕಂಡ ಪ್ರಮಾಣವು, ಎಚ್‌ಪಿವಿ ಪರೀಕ್ಷೆಗೆ ಹೋಲಿಸಿದರೆ ಈ ಎರಡು ಗುಂಪುಗಳಲ್ಲಿ ನಾಲ್ಕು ಪಟ್ಟಿಗಿಂತ ಹೆಚ್ಚು.

೪. ಒಂದು ನೆಲದ ಪುರಾವೆ, ಎರಡು ಶಿಫಾರಸು

ಪುರಾವೆಯು ತನ್ನಿಂದ ತಾನೇ ವಿಧಿಯಾಗುವುದಿಲ್ಲವೆಂಬುದು ಮುಂದಿನ ಇತಿಹಾಸದಿಂದ ವಿದಿತವಾಗುತ್ತದೆ. ೨೦೧೬ರಲ್ಲಿ ಭಾರತ ಸರ್ಕಾರದ ಆರೋಗ್ಯ ಸಚಿವಾಲಯವು ಹೊರಡಿಸಿದ ಕಾರ್ಯಸೂಚಿಯು ೩೦ರಿಂದ ೬೫ ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆಯನ್ನು ಶಿಫಾರಸು ಮಾಡಿತು. ಅದು ಆರಿಸಿಕೊಂಡದ್ದು ಬರಿಗಣ್ಣಿನ ಪರೀಕ್ಷೆಯನ್ನು. ೨೦೨೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಎಚ್‌ಪಿವಿ ಡಿಎನ್ಎ ಪರೀಕ್ಷೆಯನ್ನೇ ಮೊದಲ ಪರೀಕ್ಷೆಯಾಗಿ ಬಳಸಬೇಕೆಂದು ಹೇಳಿತು.

ಹಾಗಾದರೆ ನಮ್ಮ ಸರ್ಕಾರವು ನಮ್ಮದೇ ನೆಲದ ಪುರಾವೆಯನ್ನು ಕಡೆಗಣಿಸಿತೆ? ಅವಸರದಿಂದ ಹೌದೆನ್ನುವುದು ತಪ್ಪು. ಧಾರಾಶಿವದ ಪ್ರಯೋಗ ಒಂಟಿಯಲ್ಲ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ನಡೆದು ೨೦೦೭ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬರಿಗಣ್ಣಿನ ಪರೀಕ್ಷೆಯಿಂದಲೇ ಸಾವು ನೂರಕ್ಕೆ ೩೫ರಷ್ಟು ಇಳಿದಿತ್ತು. ಮುಂಬಯಿಯ ಕೊಳೆಗೇರಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಇದೇ ಪರೀಕ್ಷೆಯನ್ನು ಮಾಡಿದಾಗ ಇಳಿಕೆ ನೂರಕ್ಕೆ ೩೧. ಇದು ಪ್ರಕಟವಾದದ್ದು ೨೦೧೪ರಲ್ಲಿ. ಮೂರು ಯಾದೃಚ್ಛಿಕ ಪ್ರಯೋಗಗಳು, ಒಂದೇ ದೇಶ, ಒಂದೇ ಪರೀಕ್ಷೆ. ಫಲ ಮಾತ್ರ ಒಂದೇ ಅಲ್ಲ. ಪಾಠಾಂತರವಿರುವಲ್ಲಿ ಸಂಪಾದಕನು ಕಾರಣವನ್ನು ಹುಡುಕುವಂತೆ ಇಲ್ಲಿಯೂ ಹುಡುಕಬೇಕು. ಮುಂಬಯಿಯಲ್ಲಿ ಪರೀಕ್ಷೆ ಮತ್ತೆ ಮತ್ತೆ ನಡೆಯಿತು, ಧಾರಾಶಿವದಲ್ಲಿ ಒಮ್ಮೆ. ಬರಿಗಣ್ಣಿನ ಪರೀಕ್ಷೆ ನೋಡುವವರ ಕಣ್ಣು, ತರಬೇತಿ, ಮೇಲ್ವಿಚಾರಣೆಗಳನ್ನು ಅವಲಂಬಿಸುತ್ತದೆ. ಊರಿಂದೂರಿಗೆ ಅದರ ಗುಣ ಬದಲಾಗುತ್ತದೆ. 'ಫಲ ಸ್ಪಷ್ಟವಾಗಲಿಲ್ಲ' ಎಂಬುದಕ್ಕೂ 'ಫಲವಿಲ್ಲ' ಎಂಬುದಕ್ಕೂ ವ್ಯತ್ಯಾಸವಿದೆ. ಜೊತೆಗೆ ಪ್ರಯೋಗಾಲಯವಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವುದು ಸಾಧ್ಯ ಎಂಬ ವಿವೇಚನೆಯೂ ಸೇರಿತು. ವಿಶ್ವ ಆರೋಗ್ಯ ಸಂಸ್ಥೆಯೂ, ಎಚ್‌ಪಿವಿ ಪರೀಕ್ಷೆ ಇನ್ನೂ ಒದಗದ ಕಡೆ ಗುಣಮಟ್ಟ ಕಾಯ್ದುಕೊಂಡ ಜೀವಕೋಶ ಪರೀಕ್ಷೆಯನ್ನು ಮುಂದುವರಿಸಬಹುದೆಂದು ಹೇಳಿದೆ.

ಆ ಸಂಸ್ಥೆಯ ಶಿಫಾರಸಿನ ಒಕ್ಕಣೆಯನ್ನು ಗಮನಿಸಬೇಕು. ಎಚ್‌ಪಿವಿ ಪರೀಕ್ಷೆಯನ್ನು ಬಳಸಬೇಕೆಂಬುದು 'ಪ್ರಬಲ ಶಿಫಾರಸು, ಮಧ್ಯಮ ಖಚಿತತೆಯ ಪುರಾವೆ'. ಐದರಿಂದ ಹತ್ತು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂಬುದು 'ಷರತ್ತುಬದ್ಧ ಶಿಫಾರಸು, ಅಲ್ಪ ಖಚಿತತೆಯ ಪುರಾವೆ'. ಒಂದೇ ಪುಟದಲ್ಲಿ ಎರಡು ತೂಕದ ಮಾತುಗಳು. ಇವು ವೈದ್ಯರ ಕೈಗೆ, ಅಲ್ಲಿಂದ ಆರೋಗ್ಯ ಕಾರ್ಯಕರ್ತೆಯ ಕೈಗೆ, ಕೊನೆಗೆ ಗೋಡೆಯ ಫಲಕಕ್ಕೆ ಇಳಿಯುವಾಗ ಆವರಣದೊಳಗಿನ ಮಾತು ಉದುರಿಹೋಗುತ್ತದೆ. ವ್ಯಾಖ್ಯಾನವಿಲ್ಲದ ಸೂತ್ರದಂತೆ ಎಲ್ಲವೂ ಸಮಾನ ಆಜ್ಞೆಯಾಗಿ ಕೇಳಿಸುತ್ತದೆ.

ಇನ್ನೊಂದು ನಿದರ್ಶನವು ಬಾರ್ಶಿಯ ಆಸ್ಪತ್ರೆಯನ್ನು ಒಳಗೊಂಡದ್ದೇ. ಎಚ್‌ಪಿವಿ ಲಸಿಕೆಯ ಎರಡು ಮತ್ತು ಮೂರು ಡೋಸುಗಳನ್ನು ಹೋಲಿಸುವ ಪ್ರಯೋಗವು ದೇಶದ ಹಲವೆಡೆ ೨೦೦೯ರಲ್ಲಿ ಆರಂಭವಾಗಿತ್ತು. ಬೇರೊಂದು ಲಸಿಕೆ ಯೋಜನೆಯ ಸುತ್ತ ವಿವಾದವೆದ್ದು ೨೦೧೦ರಲ್ಲಿ ಸರ್ಕಾರವು ಇಂಥ ಲಸಿಕೆ ನೀಡಿಕೆಯನ್ನೆಲ್ಲ ನಿಲ್ಲಿಸಿತು. ಇದರಿಂದ ೪,೯೪೯ ಹುಡುಗಿಯರಿಗೆ ಒಂದೇ ಡೋಸು ದಕ್ಕಿತು. ಸಂಶೋಧಕರು ಅವರನ್ನು ಕೈಬಿಡದೆ ವರ್ಷಾನುಗಟ್ಟಲೆ ಗಮನಿಸಿದರು. ೨೦೨೧ರಲ್ಲಿ ಪ್ರಕಟವಾದ ಫಲದ ಪ್ರಕಾರ, ಎಚ್‌ಪಿವಿಯ ೧೬ ಮತ್ತು ೧೮ನೆಯ ಬಗೆಗಳ ನೆಲೆನಿಂತ ಸೋಂಕನ್ನು ತಡೆಯುವಲ್ಲಿ ಒಂದು ಡೋಸಿನ ಸಾಮರ್ಥ್ಯ ನೂರಕ್ಕೆ ೯೫ಕ್ಕಿಂತ ತುಸು ಹೆಚ್ಚು. ಈ ಹುಡುಗಿಯರನ್ನು ಒಂದು ಡೋಸಿಗೆಂದು ಚೀಟಿ ಎತ್ತಿ ಆರಿಸಿರಲಿಲ್ಲ. ಆದ್ದರಿಂದ ಇದು ವೀಕ್ಷಣೆಯ ಪುರಾವೆ. ಆದರೂ ಪರಿಣಾಮ ದೊಡ್ಡದು; ಕೀನ್ಯಾದಲ್ಲಿ ನಡೆದ ಯಾದೃಚ್ಛಿಕ ಪ್ರಯೋಗವೂ ಇದನ್ನು ಸಮರ್ಥಿಸಿತು. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಒಂದು ಡೋಸನ್ನೂ ಅಂಗೀಕರಿಸಿತು. ದರ್ಜೆಗಳನ್ನು ಕುಲಶ್ರೇಣಿಯಂತೆ ಭಾವಿಸಬಾರದೆಂಬುದಕ್ಕೆ ಇದು ಸಾಕ್ಷಿ.

೫. ನಿಯಂತ್ರಣ ಗುಂಪಿನ ಋಣ

ಪುರಾವೆಯ ಬಲವನ್ನು ಕುರಿತ ಯಾವ ಚರ್ಚೆಯೂ ಆ ಬಲ ಎಲ್ಲಿಂದ ಬಂತೆಂಬುದನ್ನು ಮರೆಯಬಾರದು. ಧಾರಾಶಿವದ ಪ್ರಯೋಗದ ಶಕ್ತಿಯೆಲ್ಲ ಹೋಲಿಕೆಯಲ್ಲಿದೆ. ನಿಯಂತ್ರಣ ಗುಂಪಿನ ೬೪ ಸಾವುಗಳು ಇಲ್ಲದಿದ್ದರೆ ಎಚ್‌ಪಿವಿ ಗುಂಪಿನ ೩೪ ಎಂಬ ಸಂಖ್ಯೆಗೆ ಅರ್ಥವಿರುತ್ತಿರಲಿಲ್ಲ. ತಪಾಸಣೆಯು ಫಲಕಾರಿಯೆಂದು ಪಾಶ್ಚಾತ್ಯ ದೇಶಗಳಲ್ಲಿ ಮೊದಲೇ ತಿಳಿದಿರುವಾಗ, ಒಂದು ಗುಂಪನ್ನು ತಪಾಸಣೆಯಿಲ್ಲದೆ ಬಿಟ್ಟದ್ದು ಸರಿಯೆ ಎಂದು ಟೀಕಾಕಾರರು ಕೇಳಿದರು. ಭಾರತದ ವೈದ್ಯನೀತಿ ಪತ್ರಿಕೆಗಳಲ್ಲಿಯೂ ಇದು ಚರ್ಚೆಯಾಯಿತು. ಆ ಹಳ್ಳಿಗಳಲ್ಲಿ ಅಂದು ತಪಾಸಣೆಯ ವ್ಯವಸ್ಥೆಯೇ ಇರಲಿಲ್ಲ, ಇದ್ದುದನ್ನು ಯಾರಿಂದಲೂ ಕಸಿದುಕೊಳ್ಳಲಿಲ್ಲ, ನಮ್ಮ ಸ್ಥಿತಿಗೆ ಯಾವ ಪರೀಕ್ಷೆ ಒಪ್ಪುವುದೆಂದು ಬೇರೆ ದಾರಿಯಿಂದ ತಿಳಿಯುವಂತಿರಲಿಲ್ಲ ಎಂಬುದು ಸಂಶೋಧಕರ ಉತ್ತರ. ಎರಡು ವಾದಗಳಲ್ಲಿಯೂ ಹುರುಳಿದೆ. ಆದರೆ ಯಾವ ವಾದವನ್ನು ಒಪ್ಪಿದರೂ ಒಂದು ಋಣವಂತೂ ಉಳಿಯುತ್ತದೆ. ಅವರಿಂದ ದೊರೆತ ತಿಳಿವು ಅವರ ಮಕ್ಕಳಿಗೆ, ಸೊಸೆಯರಿಗೆ ತಲಪಬೇಕು.

ತಲಪಿದೆಯೇ? ೨೦೧೯–೨೧ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ೩೦ರಿಂದ ೪೯ ವರ್ಷದ ಮಹಿಳೆಯರಲ್ಲಿ ಎಂದಾದರೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಒಳಗಾದವರು ನೂರಕ್ಕೆ ೧.೯ ಮಾತ್ರ. ಧಾರಾಶಿವದಲ್ಲಿ ಪರೀಕ್ಷೆಗೆ ಕರೆದಾಗ ಐದರಲ್ಲಿ ಸುಮಾರು ನಾಲ್ವರು ಬಂದಿದ್ದರು. ಜನರು ಬರುವುದಿಲ್ಲವೆಂಬ ನೆಪವು ಈ ಅಂಕಿಯ ಮುಂದೆ ನಿಲ್ಲದು. ಯಾವ ಪರೀಕ್ಷೆ ಶ್ರೇಷ್ಠ ಎಂದು ಮಾರ್ಗಸೂಚಿಗಳು ವಾದಿಸುತ್ತಿರುವಾಗ, ಬಹುಪಾಲು ಮಹಿಳೆಯರಿಗೆ ಯಾವ ಪರೀಕ್ಷೆಯೂ ಸಿಕ್ಕಿಲ್ಲ.

೬. ಉಪಸಂಹಾರ

ನಾಸಿಕದಲ್ಲಿ ೧೯೯೮ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯವು ಆ ರಾಜ್ಯದ ವೈದ್ಯಶಿಕ್ಷಣವನ್ನು ಒಂದೇ ಸೂರಿನಡಿ ತಂದಿದೆ. ಛತ್ರಪತಿ ಸಂಭಾಜಿನಗರದ ಸರ್ಕಾರಿ ಕಾಲೇಜಿನಲ್ಲಿ ಓದುವವನೂ, ಆಯುರ್ವೇದ, ಯುನಾನಿ, ಹೋಮಿಯೋಪಥಿ, ಶುಶ್ರೂಷೆಗಳನ್ನು ಓದುವವರೂ ಇದೇ ವಿಶ್ವವಿದ್ಯಾಲಯದ ಪದವಿಯನ್ನು ಪಡೆಯುತ್ತಾರೆ. ಆಪ್ತೋಪದೇಶವನ್ನು ಓದಿದವನೂ ಯಾದೃಚ್ಛಿಕ ಪ್ರಯೋಗವನ್ನು ಓದಿದವನೂ ಮುಂದೆ ಅದೇ ಹಳ್ಳಿಯ ಅದೇ ರೋಗಿಯನ್ನು ಕಾಣುತ್ತಾರೆ. ಅವರಿಬ್ಬರನ್ನೂ ಕೇಳಬಹುದಾದ ಪ್ರಶ್ನೆಗಳು ಒಂದೇ: ಈ ವಿಧಿಗೆ ಆಧಾರವೇನು? ಆ ಆಧಾರ ಎಷ್ಟು ಗಟ್ಟಿ? ಅದು ಯಾರನ್ನು ಪರೀಕ್ಷಿಸಿ ಬಂದದ್ದು, ಎದುರಿಗೆ ಕುಳಿತವರಿಗೆ ಅದು ಒಪ್ಪುವುದೆ? ಆಧಾರ ದುರ್ಬಲವಾಗಿದ್ದೂ ವಿಧಿ ಪ್ರಬಲವಾಗಿದ್ದರೆ, ಅದಕ್ಕೆ ಕೊಟ್ಟ ಬೇರೆ ಕಾರಣವೇನು?

ದುರ್ಬಲ ಪುರಾವೆಯ ಮೇಲೆ ನಿಂತ ಶಿಫಾರಸುಗಳನ್ನೆಲ್ಲ ತಿರಸ್ಕರಿಸಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ರೋಗಿ ಬಾಗಿಲಲ್ಲಿ ನಿಂತಿರುವಾಗ ಪ್ರಯೋಗ ಮುಗಿಯುವವರೆಗೆ ಕಾಯಲಾಗದು. ಇದ್ದ ತಿಳಿವಿನಿಂದಲೇ ನಡೆಯಬೇಕಾಗುತ್ತದೆ. ಆದರೆ ಊಹಾಪಾಠಕ್ಕೆ ನಕ್ಷತ್ರಚಿಹ್ನೆ ಹಾಕಿ ಓದುಗನಿಗೆ ತಿಳಿಸುವುದು ಪ್ರಾಮಾಣಿಕ ಸಂಪಾದಕನ ಕರ್ತವ್ಯ. ವೈದ್ಯಕೀಯದ ಮಾರ್ಗಕಾರರಿಂದಲೂ ಅಷ್ಟನ್ನು ನಿರೀಕ್ಷಿಸುವ ಹಕ್ಕು ನಮಗಿದೆ. ಕನ್ನಡದಲ್ಲಿ ಆರೋಗ್ಯವನ್ನು ಕುರಿತು ಬರೆಯುವವರು, ಅನುವಾದಿಸುವವರು ಶಿಫಾರಸಿನೊಡನೆ ಅದರ ಪುರಾವೆಯ ದರ್ಜೆಯನ್ನೂ ಕನ್ನಡಕ್ಕೆ ತರುವ ರೂಢಿಯನ್ನು ಇಟ್ಟುಕೊಂಡರೆ, ಧಾರಾಶಿವದ ಆ ೧,೩೧,೭೪೬ ಮಹಿಳೆಯರಿಗೆ ನಾವು ಸಲ್ಲಿಸಬೇಕಾದ ಋಣದಲ್ಲಿ ಅಲ್ಪಭಾಗವಾದರೂ ಸಂದೀತು.